ಮಾಮಾ ನಿಲ್ಲುವ ಜಾಗ

ಭಾಲ್ಕಿಯ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪಕ್ಕದ ಕೋಣೆ ದತ್ತಾತ್ರಿಯದು. ನಡುವೆ ಇರುವುದು ಪ್ಲೈವುಡ್ಡಿನ ಒಂದು ಹಲಗೆ ಮಾತ್ರ. ಆ ಹಲಗೆಯ ಕೃಪೆಯಿಂದ ಈ ತಾಲೂಕಿನ ಲಗ್ನಗಳನ್ನೆಲ್ಲ ನಾನು ಕರೆಯದೆಯೇ ಕೇಳಿಸಿಕೊಂಡಿದ್ದೇನೆ. ಬೆಳಿಗ್ಗೆ ಶಟರ್ ಎತ್ತಿದರೆ ಬ್ಯಾಂಡು, ಊಟದ ಹೊತ್ತಿಗೆ ಮಂಗಲಾಷ್ಟಕ, ಸಂಜೆಗೆ ಹೆಣ್ಣು ಕಳಿಸುವ ಅಳು. ಅದೂ ಒಂದೇ ಅಳುವನ್ನು ನಾಲ್ಕು ನಾಲ್ಕು ಸಲ ಹಿಂದೆ ಮುಂದೆ ಓಡಿಸುತ್ತಾನೆ. ನಾನು ತಲೆಕೆಟ್ಟು ಹಲಗೆಗೆ ಗುದ್ದಿದರೆ ಆ ಕಡೆಯಿಂದ ತಣ್ಣಗೆ ಉತ್ತರ ಬರುತ್ತದೆ.

"ಆತ್ರಿ ಅಣ್ಣಾ, ಇದೊಂದ್ ಅಳೂದು ಮುಗಸ್ತೇನಿ."

ದತ್ತಾತ್ರಿಯ ಕಸುಬು ಲಗ್ನದ ವಿಡಿಯೋ ತೆಗೆಯುವುದು. ತೆಗೆದದ್ದನ್ನು ಕಂಪ್ಯೂಟರಿಗೆ ಹಾಕಿ, ಬೇಡದ್ದನ್ನು ಕತ್ತರಿಸಿ, ಹಾಡು ಸೇರಿಸಿ, ವಧೂವರರ ಮೇಲೆ ಆಕಾಶದಿಂದ ಗುಲಾಬಿ ಪಕಳೆ ಉದುರಿಸಿ ಕೊಡುವುದು. ಇದಕ್ಕೆ ನಮ್ಮ ಕಡೆ ಮಿಕ್ಸಿಂಗ್ ಎನ್ನುತ್ತಾರೆ. ನನ್ನ ಕಸುಬು ಪಹಣಿ, ಜಾತಿ ಸರ್ಟಿಫಿಕೇಟು, ಆಧಾರ್ ಕಾರ್ಡುಗಳ ನಕಲು ತೆಗೆಯುವುದು. ಹೆಸರು ಧಮ್ಮಪಾಲ. ನನಗೆ ಮನೆ ತುಂಬ ಮಂದಿ ಇದ್ದಾರೆ, ತಡವಾಗಿ ಹೋದರೆ ಬೈಯುವವರಿದ್ದಾರೆ. ದತ್ತಾತ್ರಿಗೆ ಆ ಭಾಗ್ಯವೂ ಇಲ್ಲ. ಅವನು ಆ ಕೋಣೆಯಲ್ಲೇ ಕೆಲಸ ಮಾಡಿ, ಎದುರಿನ ಖಾನಾವಳಿಯಲ್ಲಿ ಉಂಡು, ಕಂಪ್ಯೂಟರಿನ ಮೇಜಿನ ಕೆಳಗೆ ಕಾಲು ಚಾಚಿ ಮಲಗುತ್ತಾನೆ.

ಹುಟ್ಟಿದ್ದು ಭಾತಂಬ್ರಾದ ಕುರಿ ಸಾಕುವ ಮನೆತನದಲ್ಲಿ. ತಾಯಿ ಬೇಗ ತೀರಿಕೊಂಡಳು. ಅಕ್ಕ ಜನಾಬಾಯಿ, ತಾನೇ ಇನ್ನೂ ಲಂಗ ಉಡುವ ಹುಡುಗಿ, ಇವನನ್ನು ಸೊಂಟದ ಮೇಲೆ ಹೊತ್ತುಕೊಂಡು ಕುರಿಯ ಹಿಂದೆ ಅಡ್ಡಾಡಿ ಬೆಳೆಸಿದಳು. ಅವಳನ್ನು ಬೀದರ ಹತ್ತಿರದ ಕಮಠಾಣಕ್ಕೆ ಮದುವೆ ಮಾಡಿ ಕಳಿಸಿದ ಮೇಲೆ ಇವನ ಮನಸ್ಸು ಕುರಿಯಲ್ಲಿ ನಿಲ್ಲಲಿಲ್ಲ. ಬೀದರಿನ ಒಬ್ಬ ಫೋಟೋಗ್ರಾಫರನ ಜೊತೆ ಲೈಟು ಹಿಡಿಯಲು ಹೋದ. ಅಪ್ಪನೂ ಹೋದ ಮೇಲೆ ಉಳಿದ ಕುರಿ ಮಾರಿ ಸ್ವಂತ ಕ್ಯಾಮೆರಾ ಕೊಂಡ. ಈಗ ಅವನಿಗೆ ಐವತ್ತರ ಆಜೂಬಾಜು.

ಮದುವೆ ಯಾಕೆ ಆಗಲಿಲ್ಲ ಎಂದು ಊರವರು ಕೇಳುತ್ತಾರೆ. ಕಾರಣ ಸರಳ. ಹೆಣ್ಣು ನೋಡುವ ಒಳ್ಳೆಯ ದಿನಗಳೆಲ್ಲ ಯಾರದೋ ಲಗ್ನದ ದಿನಗಳೂ ಆಗಿರುತ್ತಿದ್ದವು. ಒಮ್ಮೆ ಬಗದಲದ ಹೆಣ್ಣಿನ ಮನೆಯವರು ಉಪ್ಪಿಟ್ಟು ಮಾಡಿಕೊಂಡು ಸಂಜೆಯ ತನಕ ಕಾದರು. ಇವನು ಬೇರೆ ಊರಿನ ಮಂಟಪದಲ್ಲಿ ಬೇರೆ ಯಾರದೋ ತಾಳಿಯ ಮೇಲೆ ಕ್ಯಾಮೆರಾ ನೆಟ್ಟುಕೊಂಡು ನಿಂತಿದ್ದ. ಊರ ಲಗ್ನಕ್ಕೆಲ್ಲ ಹೊತ್ತಿಗೆ ಸರಿಯಾಗಿ ಹೋದವನಿಗೆ ತನ್ನದಕ್ಕೆ ಹೊತ್ತು ಸಿಗಲಿಲ್ಲ.

ನನಗೆ ಅವನ ಬಗ್ಗೆ ಮರುಕ ಹುಟ್ಟಿದ್ದು ಮಾತ್ರ ಇದಕ್ಕಲ್ಲ. ಒಮ್ಮೆ ಇಬ್ಬರೂ ಚಹಾ ಕುಡಿಯುತ್ತ ನಿಂತಿದ್ದಾಗ ಒಬ್ಬ ಗಂಡಸು ಹೆಂಡತಿಯ ಜೊತೆ ಹಾದುಹೋದ. ದತ್ತಾತ್ರಿಯ ಮುಖ ಅರಳಿತು. "ನಿಮ್ಮ ಚಿಕ್ಕವ್ವನ ಕಾಲು ಹ್ಯಾಂಗದರಿ ಈಗ? ಮಂಟಪದ ಮೆಟ್ಟಲ ಮ್ಯಾಲ ಕಾಲ ಉಳಕಿತ್ತಲ್ಲ" ಎಂದ. ಆ ಮನುಷ್ಯ ಕಕ್ಕಾಬಿಕ್ಕಿಯಾಗಿ, ನೀವ್ಯಾರು ಎಂದು ಕೇಳಿ, ಹೆಂಡತಿಯನ್ನು ಕರೆದುಕೊಂಡು ಬೇಗಬೇಗ ಹೋದ. ವಾರಗಟ್ಟಲೆ ಅವರ ಮುಖಗಳನ್ನು ಪರದೆಯ ಮೇಲೆ ನೋಡುತ್ತ ಕುಳಿತವನಿಗೆ ಅವರೆಲ್ಲ ಮನೆಯವರಾಗಿಬಿಟ್ಟಿದ್ದರು. ಅವರಿಗೆ ಇವನ ಮುಖವೇ ಗೊತ್ತಿರಲಿಲ್ಲ, ಲೈಟು ಕಣ್ಣಿಗೆ ಹೊಡೆಯುತ್ತಿತ್ತಲ್ಲ. ಅವನು ಉಳಿದ ಚಹಾ ಚೆಲ್ಲಿ ಒಳಗೆ ಹೋದ.

ಇನ್ನೊಂದು ಹುಚ್ಚು ಅವನಿಗಿತ್ತು. ಯಾರ ಲಗ್ನವನ್ನೂ ಅಳಿಸುತ್ತಿರಲಿಲ್ಲ. ಮಿಕ್ಸಿಂಗ್ ಮಾಡಿ ಕೊಟ್ಟ ಮೇಲೂ ಮೂಲ ವಿಡಿಯೋ ಎಲ್ಲ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇರುತ್ತಿತ್ತು. ಯಾರಾದರೂ ಯಾವತ್ತಾದರೂ ಕೇಳಿಕೊಂಡು ಬಂದಿದ್ದಾರಾ ಎಂದು ನಾನು ಕೆಣಕುತ್ತಿದ್ದೆ.

"ಬಂದಿಲ್ರಿ. ಬಂದ್ರ ಇಲ್ಲ ಅನ್ನಬಾರ್ದಲ್ಲ."

ಹೀಗೆ ಡಿಸ್ಕು ತುಂಬಿ ತುಳುಕಿತು. ತುಂಬಿದ್ದು ಯಾವ ಲಗ್ನದಿಂದ ಅಂದರೆ ಅವನ ಅಕ್ಕನ ಮಗಳು ಕಾಜಲಳ ಲಗ್ನದಿಂದ. ಅವನ ಈ ಕಥೆ ಇರುವುದೂ ಅದರಲ್ಲೇ.

ಕಳೆದ ಬೇಸಿಗೆಯಲ್ಲಿ ಜನಾಬಾಯಿ ಲಗ್ನಪತ್ರಿಕೆ ಹಿಡಿದುಕೊಂಡು ಸ್ವತಃ ಭಾಲ್ಕಿಗೆ ಬಂದಿದ್ದಳು. ಇರುವುದು ಒಬ್ಬಳೇ ಮಗಳು. ವರ ಔರಾದಿನವನು, ಸುಮಿತ ಎಂದು ಹೆಸರು, ಲಗ್ನವೂ ಔರಾದಿನಲ್ಲೇ. ಹಲಗೆಯ ಈ ಕಡೆ ನಾನು ಕೆಲಸ ಮಾಡುತ್ತಿದ್ದೆ. ಆ ಕಡೆ ಅವಳು ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

"ತಮ್ಮಾ, ಕ್ಯಾಮೆರಾಕ್ಕ ಬ್ಯಾರೆಯವರಿಗಿ ಹೇಳು. ಅವತ್ತ ನೀ ಕಾಜಲನ ಹಿಂದ ನಿಂದ್ರಬೇಕು."

ನಮ್ಮ ಕಡೆಯ ಲಗ್ನ ನೋಡಿದವರಿಗೆ ಇದು ಗೊತ್ತು. ಮಂಗಲಾಷ್ಟಕ ನಡೆಯುವಾಗ ವಧುವಿನ ಹಿಂದೆ ಅವಳ ತಾಯಿಯ ಅಣ್ಣನೋ ತಮ್ಮನೋ ನಿಲ್ಲುತ್ತಾನೆ. ಮಾಮಾ. ಹುಡುಗಿಯನ್ನು ಮಂಟಪಕ್ಕೆ ಕರೆತರುವವನೂ ಅವನೇ, ಅಕ್ಷತೆ ಬಿದ್ದು ಮುಗಿಯುವ ತನಕ ಬೆನ್ನಿಗೆ ಇರುವವನೂ ಅವನೇ. ತವರಿನ ಬಲ ಇಷ್ಟಿದೆ ನೋಡಿ ಎಂದು ನಾಲ್ಕು ಜನರಿಗೆ ತೋರಿಸುವ ಕೆಲಸ ಅದು. ಜನಾಬಾಯಿಗೆ ತವರು ಎಂದರೆ ಇವನೊಬ್ಬನೇ.

ದತ್ತಾತ್ರಿ "ಆತು ಆತು" ಎಂದ. ಅವಳು ಹೋದ ಮೇಲೆ ನನ್ನ ಅಂಗಡಿಗೆ ಬಂದು ಕುಳಿತ.

"ಬ್ಯಾರೆಯವ್ರು ಕೈ ಅಲಗಾಡಸ್ತಾರ ಅಣ್ಣಾ. ನಮ್ಮ ಕಾಜಲನ ಲಗ್ನ ಬ್ಯಾರೆಯವ್ರ ಕೈಯಾಗ ಹ್ಯಾಂಗ ಕೊಡ್ಲಿ? ಹಿಂದ ನಿಂದ್ರಾಕ ಯಾರರ ಸಿಗ್ತಾರ."

ಅದೇ ಸರಿ ಎಂದು ಅವನು ಮನಸಾರೆ ನಂಬಿದ್ದ. ತನಗೆ ಬರುವ ಒಂದೇ ವಿದ್ಯೆಯನ್ನು ಆ ಹುಡುಗಿಗೆ ಉಡುಗೊರೆ ಕೊಡಬೇಕೆಂದಿದ್ದ. ಔರಾದಿಗೆ ಹೋಗಿ ಎರಡು ದಿನ ನಿದ್ದೆಗೆಟ್ಟು, ಅರಿಶಿನ ಹಚ್ಚುವುದರಿಂದ ಹಿಡಿದು ಜೀಪು ಹತ್ತಿಸುವ ತನಕ ಎಲ್ಲ ತೆಗೆದುಕೊಂಡು ಬಂದ. ಬಂದವನು ಬಹಳ ಖುಷಿಯಲ್ಲಿದ್ದ. ಅಂಥ ಲಗ್ನ ತಾನು ಎಂದೂ ತೆಗೆದಿಲ್ಲ ಎಂದ.

ಆಮೇಲೆ ಅಕ್ಕ ಫೋನ್ ಎತ್ತುವುದನ್ನು ಬಿಟ್ಟಳು.

ಮಾಡಿದಾಗಲೆಲ್ಲ ಭಾವ ಎತ್ತಿ, ಹೊಲಕ್ಕೆ ಹೋಗಿದ್ದಾಳೆ, ಮಲಗಿದ್ದಾಳೆ ಎಂದು ಹೇಳುತ್ತಿದ್ದ. ನಾಗರಪಂಚಮಿಗೆ ಅಕ್ಕನನ್ನು ಕರೆಯಲು ಕಮಠಾಣಕ್ಕೆ ಹೋದರೆ ಜನಾಬಾಯಿ ಊಟಕ್ಕೆ ಬಡಿಸಿದಳು, ಮಾತಾಡಲಿಲ್ಲ. ಬರುವುದಿಲ್ಲ ಎಂದು ತಲೆ ಅಲ್ಲಾಡಿಸಿದಳಷ್ಟೆ. ವಿಡಿಯೋ ಇನ್ನೂ ಕೊಟ್ಟಿಲ್ಲವಲ್ಲ, ಅದಕ್ಕೇ ಸಿಟ್ಟು ಎಂದು ದತ್ತಾತ್ರಿ ಲೆಕ್ಕ ಹಾಕಿದ. ಡಿಸ್ಕಿನಲ್ಲಿ ಜಾಗ ಇಲ್ಲದೆ, ಹೊಸದಕ್ಕೆ ದುಡ್ಡು ಹೊಂದದೆ ಮಿಕ್ಸಿಂಗ್ ನಿಂತಿತ್ತು. ಹಳೆಯ ಯಾರದಾದರೂ ಲಗ್ನ ಅಳಿಸು ಎಂದರೆ ಇವನು ಕೇಳುವವನಲ್ಲ. ಅಕ್ಕನೊಬ್ಬಳ ದನಿ ನಿಂತ ಮೇಲೆ ಅವನ ಫೋನು ಗಿರಾಕಿಗಳಿಗಷ್ಟೇ ಬಡಿದುಕೊಳ್ಳುತ್ತಿತ್ತು. ಸಂಜೆ ಅದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ಕೂಡುತ್ತಿದ್ದ. ನಾನು ಶಟರ್ ಎಳೆಯುವಾಗ "ಹೊಂಟ್ರಿ?" ಎನ್ನುತ್ತಿದ್ದ. ಆ ಒಂದು ಮಾತಿಗೆ ಉತ್ತರ ಕೊಟ್ಟು ಮನೆಗೆ ಹೋಗುವುದು ನನಗೆ ದಿನದಿನಕ್ಕೆ ಕಷ್ಟವಾಗತೊಡಗಿತು.

ದಸರಾ ಹತ್ತಿರ ಬಂದಾಗ ಕಾಜಲಳ ಫೋನ್ ಬಂತು.

"ಮಾಮಾ, ಬನ್ನಿ ಕೊಡಾಕ ಕಮಠಾಣಕ್ಕ ಬರ್ತಿ ಇಲ್ಲ? ನಮ್ಮ ಅತ್ತಿಮನಿಯವ್ರೂ ಬರ್ಲತ್ತಾರ. ವಿಡಿಯೋ ತಗೊಂಡ್ ಬಾ."

ದತ್ತಾತ್ರಿಗೆ ಹೊಸ ಜೀವ ಬಂದಂತಾಯಿತು. ವಿಜಯದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದರೆ ಎಂಥ ಮುನಿಸನ್ನೂ ಬಿಡಬೇಕು, ಅದು ನಮ್ಮ ಕಡೆಯ ರೂಢಿ. ಕೈಯಲ್ಲಿ ವಿಡಿಯೋ ಇದ್ದರೆ ಅಕ್ಕ ಮಾತಾಡಿಯೇ ಮಾತಾಡುತ್ತಾಳೆ. ಬೀದರಿಗೆ ಓಡಿಹೋಗಿ, ಕಂಪ್ಯೂಟರ್ ರಿಪೇರಿಯ ಉಮೇರನ ಅಂಗಡಿಯಿಂದ ಎರಡು ಹೊಸ ಡಿಸ್ಕು ಉದ್ರಿ ತಂದ.

ತಂದವನು ಸುಮ್ಮನೆ ಹಾಕಿ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ. ಮಹಾನವಮಿಯ ಆಯುಧ ಪೂಜೆಗೆ ಇಡೋಣ, ಪೂಜೆ ಆಗದ ಹತ್ಯಾರಕ್ಕೆ ಕೈ ಹಚ್ಚಬಾರದು ಎಂದ. ಹತ್ಯಾರ ಎಂದರೆ ಕಸುಬಿನ ಸಾಮಾನು. ಕುಡುಗೋಲೂ ಹತ್ಯಾರವೇ, ಕಂಪ್ಯೂಟರೂ ಹತ್ಯಾರವೇ. ನಾವು ಬೌದ್ಧರು, ಯಂತ್ರಗಳ ಪೂಜೆ ನಮ್ಮಲ್ಲಿಲ್ಲ, ನಮ್ಮ ಧಮ್ಮದೀಕ್ಷೆಯ ದಿನದ ಕಾರ್ಯಕ್ರಮ ಮರುದಿನ ವಿಹಾರದಲ್ಲಿ. ಆದರೂ ಪ್ರತಿ ವರ್ಷ ಅವನು ಕೊಡುವ ಕೊಬ್ಬರಿ ಸಕ್ಕರೆಯನ್ನು ನಾನು ಒಮ್ಮೆಯೂ ಬೇಡ ಎಂದಿಲ್ಲ.

ನವಮಿಯ ಬೆಳಿಗ್ಗೆ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ, ಧೂಳು ಒರೆಸಿ, ಹೊಸ ಡಿಸ್ಕುಗಳಿಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಕೂಡಿಸಿದ. ಪೆಟ್ಟಿಗೆಗೆ ಚೆಂಡುಹೂವಿನ ಮಾಲೆ. ಮೇಲೆ ನಿಂಬೆಹಣ್ಣು. ಕಾಯಿ ಒಡೆದು ನನ್ನನ್ನು ಕರೆದ. ಗುಂಡಿ ಒತ್ತಿದ.

ಪಂಖ ತಿರುಗಿತು, ದೀಪ ಹತ್ತಿತು. ಪರದೆ ಕಪ್ಪಗೇ ಉಳಿದು, ಮೇಲುಗಡೆ ಬಿಳಿಯ ಒಂದು ಇಂಗ್ಲಿಷ್ ಸಾಲು ಮೂಡಿತು.

"ಏನ್ ಅಂತದ್ರಿ?"

ನಾನು ಕನ್ನಡಕ ಸರಿಮಾಡಿಕೊಂಡು ಓದಿದೆ. "ಸುರು ಮಾಡೋ ಡಿಸ್ಕ್ ಹಾಕ್ರಿ ಅಂತ ಹೇಳ್ಲತ್ತದ."

"ಹಾಕೇನಲ್ರಿ. ಒಂದಲ್ಲ, ಮೂರು ಹಾಕೇನಿ."

ಆರಿಸಿ ಹಚ್ಚಿದ. ಅದೇ ಸಾಲು. ತಂತಿಗಳನ್ನು ಒತ್ತಿ ಒತ್ತಿ ನೋಡಿದ. ಅದೇ ಸಾಲು. ನಿಂಬೆಹಣ್ಣು ತೆಗೆದು ಬೇರೆ ಇಟ್ಟ. ನಾನು ನಗಲು ಹೋಗಿ ಅವನ ಮುಖ ನೋಡಿ ಸುಮ್ಮನಾದೆ.

"ಕಾಜಲನ ಲಗ್ನ ಹಳೆ ಡಿಸ್ಕಿನ್ಯಾಗ ಅದರಿ. ಬ್ಯಾರೆ ಎಲ್ಲೂ ಇಲ್ಲ. ಕ್ಯಾಮೆರಾದ್ದು ಅಳಸೇನಿ."

"ಅಲ್ಲೋ ಮಾರಾಯಾ, ಊರವರ ಲಗ್ನ ಎಲ್ಲ ಕಾಯ್ತಿ. ಇದನ್ನ ಎರಡು ಕಡಿ ಇಡಬೇಕಿಲ್ಲ?"

ನನ್ನ ನಾಲಿಗೆಗೆ ಹೊತ್ತು ಗೊತ್ತು ಇಲ್ಲ ಎಂದು ನನ್ನ ಹೆಂಡತಿ ಹೇಳುವುದು ಸುಳ್ಳಲ್ಲ.

ಉಮೇರನಿಗೆ ಫೋನ್ ಮಾಡಿದೆವು. ಅಂಗಡಿ ತೆರೆದಿದೆ, ಪೆಟ್ಟಿಗೆ ತನ್ನಿ ಎಂದ. ಇಲ್ಲಿ ಇನ್ನೊಂದು ತೊಡಕು. ಪೂಜೆ ಮಾಡಿದ ಹತ್ಯಾರವನ್ನು ಬನ್ನಿ ಮುಡಿಯುವ ತನಕ ಕದಲಿಸಬಾರದು. ದತ್ತಾತ್ರಿ ಪೆಟ್ಟಿಗೆಯ ಮುಂದೆ ಕೈಕಟ್ಟಿ ಬಹಳ ಹೊತ್ತು ನಿಂತ. ನಾನು ಗದರಿಸಲಿಲ್ಲ, ಅಷ್ಟು ಬುದ್ಧಿ ಆಗ ಬಂದಿತ್ತು. ಕೊನೆಗೆ ಪೆಟ್ಟಿಗೆಗೆ ನಮಸ್ಕಾರ ಮಾಡಿ, ತಪ್ಪಾಯಿತು ಎಂದು ಗಲ್ಲಕ್ಕೆ ಬಡಿದುಕೊಂಡು, ಮಾಲೆ ಸಮೇತ ಎತ್ತಿದ.

ಬೀದರಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಲ್ಲಿ ತಬ್ಬಿ ಕುಳಿತಿದ್ದ. ಹಬ್ಬಕ್ಕೆ ಊರಿಗೆ ಹೊರಟ ಸಂಸಾರಗಳು ಬಸ್ಸಿನ ತುಂಬ. ಮಕ್ಕಳಿಗೆ ಹೊಸ ಬಟ್ಟೆ, ಹೆಂಗಸರ ಮಡಿಲಲ್ಲಿ ಹೂವು. ಮುಂದಿನ ಸೀಟಿನ ಒಬ್ಬ ಮುದುಕಿ ಹೊರಳಿ ನೋಡಿ, ಮಾಲೆ ಹಾಕಿದ ಕಬ್ಬಿಣದ ಡಬ್ಬಿ ಯಾವ ದೇವರದು ಎಂದು ಕೇಳಿದಳು. ದತ್ತಾತ್ರಿ ಕಿಟಕಿಯ ಕಡೆ ಮುಖ ಮಾಡಿದ. ತೊಗರಿಯ ಹೊಲಗಳು ಹಿಂದೆ ಹೋಗುತ್ತಿದ್ದವು. ನನಗೆ ಮಾತ್ರ ಕೇಳುವಂತೆ ಹೇಳಿದ.

"ಇದು ಹೋದ್ರ ಅಕ್ಕ ಮತ್ತ ನನ್ನ ಸಂಗಡ ಮಾತಾಡಂಗಿಲ್ರಿ. ನನಗ ಬ್ಯಾರೆ ಯಾರ ಅದಾರ?"

ನಾನಿದ್ದೇನೆ ಎನ್ನಬಹುದಿತ್ತು. ಪಕ್ಕದ ಅಂಗಡಿಯವನು ಅಕ್ಕನ ಬದಲಿಗೆ ಬರುವುದಿಲ್ಲ, ಅದು ನನಗೂ ಗೊತ್ತು. ಅವನ ಹೆಗಲ ಮೇಲೆ ಕೈ ಇಟ್ಟೆ.

ಉಮೇರ ಮೂವತ್ತರ ಒಳಗಿನ ಹುಡುಗ, ನಗುಮುಖ. ಪೆಟ್ಟಿಗೆ ಬಿಚ್ಚಿ ಒಳಗಿನ ಅರಿಶಿನ ಕುಂಕುಮ ನೋಡಿ ಹುಬ್ಬು ಹಾರಿಸಿದ, ಮೆತ್ತನೆಯ ಬ್ರಷ್ಷಿನಿಂದ ಒರೆಸಿದ. ಗುಂಡಿ ಒತ್ತಿ, ಹಳೆಯ ಡಿಸ್ಕಿಗೆ ಕಿವಿ ಹಚ್ಚಿ ಕೇಳಿದ.

"ಸದ್ದು ಛಲೋ ಅದ ಕಾಕಾ. ಸತ್ತಿಲ್ಲ ಇದು. ಫಿಕರ್ ಮಾಡಬ್ಯಾಡ್ರಿ." ಆಮೇಲೆ ತಂತಿಗಳ ಜಾಡು ಹಿಡಿದು ನೋಡಿದ. "ಒಂದನೇ ಜಾಗಾದಾಗ ಹೊಸದು ಯಾಕ ಕೂಡಿಸೀರಿ? ಮೊದಲ ಅಲ್ಲಿ ಹಳೆದಿತ್ತಲ್ಲ?"

"ಇತ್ತು. ಹೊಸದು ಬಂದದಲ್ಲಪ್ಪಾ. ಬಂದವರಿಗಿ ಮೊದಲ ಮಣಿ ಕೊಡೂದು ರಿವಾಜು. ಹಳೆದು ಮನಿದೇ ಅದ, ಹಿಂದ ಕುಂತ್ರ ಏನಾತು?"

ಉಮೇರ ಜೋರಾಗಿ ನಕ್ಕ. ನನಗೂ ತಡೆಯಲಾಗಲಿಲ್ಲ. ಹೊಸ ಡಿಸ್ಕಿಗೆ ಪಂಕ್ತಿಯಲ್ಲಿ ಮೊದಲ ಮಣೆ ಹಾಕಿ, ವರ್ಷಗಟ್ಟಲೆ ಮನೆ ನಡೆಸಿದ ಹಳೆಯದನ್ನು ಮೂರನೆಯ ಜಾಗಕ್ಕೆ ಸರಿಸಿದ್ದ ಈ ಪುಣ್ಯಾತ್ಮ.

"ಕಾಕಾ, ಈ ಮಷೀನ್ ಹಳೆದದ. ಹಚ್ಚಿದ ಕೂಡ್ಲೆ ಒಂದನೇ ಜಾಗಾದವಗಷ್ಟೇ ಕೇಳ್ತದ, ಹ್ಯಾಂಗ ಸುರು ಮಾಡ್ಲಿ ಅಂತ. ಹೊಸಾದಕ್ಕ ಏನ್ ಗೊತ್ತದ, ಖಾಲಿ ಅದ. ಗೊತ್ತಿದ್ದಾಂವ ಹಿಂದ ಸುಮ್ಮ ಕುಂತಾನ. ಅವನ ಜಾಗಾ ಅವನಿಗಿ ಕೊಡ್ರಿ, ಮುಗೀತು."

ತಾನೇ ಬದಲಿಸುತ್ತೇನೆ ಎಂದ ದತ್ತಾತ್ರಿ. ಹೊಸದನ್ನು ಕಿತ್ತು ಮೂರನೆಯದಕ್ಕೆ, ಹಳೆಯದನ್ನು ಮತ್ತೆ ಒಂದನೆಯದಕ್ಕೆ ಸೇರಿಸಿದ. ಗುಂಡಿ ಒತ್ತಿದ. ಕಪ್ಪು ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇತ್ತು. ಆಮೇಲೆ ನೀಲಿ ಬೆಳಕು ಬಂತು, ಅದರ ಹಿಂದೆಯೇ ಅವನು ಇಟ್ಟುಕೊಂಡಿದ್ದ ಚಿತ್ರ ಬಂತು, ಕಾಜಲ ಚಿಕ್ಕವಳಿದ್ದಾಗ ಕುರಿಮರಿ ಎತ್ತಿಕೊಂಡು ನಿಂತದ್ದು. ದತ್ತಾತ್ರಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.

"ಫೈಲ್ ಎಲ್ಲ ಸರಿ ಅವಾ ಇಲ್ಲ ನೋಡ್ಕೋರಿ" ಎಂದ ಉಮೇರ.

ದತ್ತಾತ್ರಿ ಔರಾದಿನ ಲಗ್ನ ತೆರೆದು ನಡುವಿನದೊಂದು ತುಣುಕು ಒತ್ತಿದ. ಮಂಟಪ. ವಧೂವರರ ನಡುವೆ ಹಿಡಿದ ಅಂತರಪಟದ ಬಿಳಿ ಬಟ್ಟೆ. ಮಂಗಲಾಷ್ಟಕ ಶುರುವಾಗುವ ಮೊದಲಿನ ಗದ್ದಲ. ಮಾಮಾ ಎಲ್ಲಿ, ಮಾಮಾ ಬರ್ರಿ ಎಂದು ಪುರೋಹಿತರು ಕೂಗುತ್ತಿದ್ದಾರೆ. ಕಾಜಲಳ ಬೆನ್ನ ಹಿಂದೆ ಜಾಗ ಖಾಲಿ. ಆಗ ಜನಾಬಾಯಿ ಜನರನ್ನು ಸರಿಸಿಕೊಂಡು ಬಂದಳು. ಆ ಖಾಲಿ ಜಾಗದ ಪಕ್ಕ ನಿಂತು ನೇರ ಕ್ಯಾಮೆರಾ ಕಡೆ ನೋಡಿದಳು. ಬಾ ಎಂದು ಕೈ ಮಾಡಿದಳು. ಮತ್ತೊಮ್ಮೆ ಮಾಡಿದಳು. ಕ್ಯಾಮೆರಾ ಅಲ್ಲಾಡಲಿಲ್ಲ, ಅವನ ಕೈ ಅಷ್ಟು ಗಟ್ಟಿ. ಕೇಳಿಸಿದ್ದು ಅವನ ದನಿ, ಹತ್ತಿರದಿಂದ, ಜೋರಾಗಿ.

"ಅಕ್ಕಾ, ಸರಿ ಆ ಕಡಿ. ಅಡ್ಡ ಬರ್ಲತ್ತಿ."

ಜನಾಬಾಯಿಯ ಕೈ ಕೆಳಗಿಳಿಯಿತು. ಇನ್ನೊಂದು ಗಳಿಗೆ ಅಲ್ಲೇ ನಿಂತು ನೋಡಿ, ಸೆರಗು ಎಳೆದುಕೊಂಡು ಪರದೆಯಿಂದ ಹೊರಗೆ ಸರಿದಳು. ಭಾವನ ಕಡೆಯ ದೂರದ ಸಂಬಂಧಿಯೊಬ್ಬನನ್ನು ಯಾರೋ ತಂದು ಕಾಜಲಳ ಹಿಂದೆ ನಿಲ್ಲಿಸಿದರು. ಬ್ಯಾಂಡು ಬಾರಿಸಿತು.

ದತ್ತಾತ್ರಿ ನಿಲ್ಲಿಸಿದ. ಹಿಂದಕ್ಕೆ ಓಡಿಸಿದ. ಮತ್ತೆ ನೋಡಿದ. ಹಲಗೆಯ ಆ ಕಡೆ ಊರವರ ಅಳುವನ್ನು ಓಡಿಸುತ್ತಿದ್ದ ಹಾಗೆಯೇ ನಾಲ್ಕೈದು ಸಲ ಓಡಿಸಿದ. ಪ್ರತಿ ಸಲವೂ ಅವಳು ಬಾ ಎಂದಳು, ಪ್ರತಿ ಸಲವೂ ಅವನ ದನಿ ಸರಿ ಆ ಕಡಿ ಎಂದಿತು. ಉಮೇರ ಬೇರೆ ಕೆಲಸ ಇದ್ದವನಂತೆ ಆಚೆ ಹೋದ.

"ಕರಿಲತ್ತಿದ್ಳು ಅಣ್ಣಾ" ಎಂದ ಕೊನೆಗೆ. "ನಾ ಅಡ್ಡ ಬಂದ್ಳು ಅಂತ ತಿಳಕೊಂಡೆ. ಎಷ್ಟ ಮಂದಿ ಅಡ್ಡ ಬರ್ತಾರ, ಎಲ್ಲಾರಿಗೂ ಹಂಗೇ ಅಂತೇನಿ. ಅಕ್ಕ ಅಂತ ನೆನಪ ಬರ್ಲಿಲ್ಲ ಆವಾಗ."

ವಿಡಿಯೋ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದವನಿಗೆ ಕೊಡಬೇಕಾದ್ದು ಬೇರೆಯೇ ಇತ್ತು ಎಂದು ಗೊತ್ತಾಯಿತು. ಕಾಜಲಳ ಲಗ್ನ ಇನ್ನೊಮ್ಮೆ ಆಗುವುದಿಲ್ಲ. ಜನಾಬಾಯಿಗೆ ಇನ್ನೊಬ್ಬ ಮಗಳಿಲ್ಲ.

ಭಾಲ್ಕಿಗೆ ಮರಳುವಾಗ, ಆ ಮಾತಿನ ಮೇಲೆ ಒಂದು ಹಾಡು ಹಾಕಿಬಿಡು, ಯಾರಿಗೂ ಕೇಳಿಸುವುದಿಲ್ಲ ಎಂದು ನಾನು ಸಲಹೆ ಕೊಟ್ಟೆ. ಅವನು ಬೇಡ ಎಂದು ತಲೆ ಅಲ್ಲಾಡಿಸಿದ. ಆ ದಿನ ಸಂಜೆ ಹಲಗೆಯ ಆ ಕಡೆ ಮಿಕ್ಸಿಂಗ್ ನಡೆಯಿತು. ಮಂಗಲಾಷ್ಟಕ ಬಂದಾಗ ಕಿವಿಗೊಟ್ಟು ಕೇಳಿದೆ. ಅವನ ದನಿ ಇದ್ದಂತೆಯೇ ಇತ್ತು, ಹಾಡು ಹಾಕಿರಲಿಲ್ಲ. ಈ ಸಲ ನಾನು ಹಲಗೆಗೆ ಗುದ್ದಲಿಲ್ಲ.

ಮರುದಿನ ಬೀದರಿನ ವಿಹಾರದಲ್ಲಿ ನಮ್ಮ ಕಾರ್ಯಕ್ರಮ ಮುಗಿಸಿ ಬಿಳಿ ಅಂಗಿಯಲ್ಲೇ ಅಲ್ಲಿನ ಬಸ್ ನಿಲ್ದಾಣಕ್ಕೆ ಬಂದೆ. ದತ್ತಾತ್ರಿ ಕಾಯುತ್ತಿದ್ದ. ಒಂದು ಕೈಯಲ್ಲಿ ಬನ್ನಿ ಎಲೆಯ ಟೊಂಗೆ, ಜೇಬಿನಲ್ಲಿ ಪೆನ್ ಡ್ರೈವು. ಕ್ಯಾಮೆರಾ ತಂದಿರಲಿಲ್ಲ. ಹೆಗಲ ಮೇಲೆ ಕ್ಯಾಮೆರಾ ಇಲ್ಲದ ದತ್ತಾತ್ರಿಯನ್ನು ಹಬ್ಬದ ದಿನ ನೋಡಿದ್ದು ಅದೇ ಮೊದಲು. ಒಬ್ಬನೇ ಹೋಗಲು ಧೈರ್ಯವಿಲ್ಲ, ಬರ್ರಿ ಎಂದ. ಹೋದೆ.

ಕಮಠಾಣದ ಮನೆಯ ತುಂಬ ಮಂದಿ. ಔರಾದಿನ ಬೀಗರು ಕುರ್ಚಿಗಳ ಮೇಲೆ, ಕಾಜಲ ಮತ್ತು ಸುಮಿತ ಟೀವಿಯ ಮುಂದೆ ಜಮಖಾನೆಯ ಮೇಲೆ. ಕಾಜಲ ಓಡಿಬಂದು ಮಾಮಾನ ಕಾಲಿಗೆ ಬಿದ್ದಳು. ಜನಾಬಾಯಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ದತ್ತಾತ್ರಿ ಹೋಗಿ ಬನ್ನಿ ಎಲೆ ಅವಳ ಕೈಗೆ ಕೊಟ್ಟು ಬಗ್ಗಿದ. ಅವಳು ಎಲೆ ತೆಗೆದುಕೊಂಡು, ತಲೆ ಮುಟ್ಟಿ, ಒಂದೂ ಮಾತಾಡದೆ ಒಳಗೆ ಹೋದಳು. ರೂಢಿಗೆ ಮಾಡಿದ್ದು ಅಷ್ಟೆ, ಮುನಿಸು ಹೋಗಿರಲಿಲ್ಲ. ಚಹಾ ಬಂತು, ನನಗೂ ಬೀಗರಿಗೂ. ದತ್ತಾತ್ರಿಯದನ್ನು ಜನಾಬಾಯಿ ಅವನ ಪಕ್ಕ ನೆಲದ ಮೇಲೆ ಇಟ್ಟು ಹೋದಳು.

ಸುಮಿತ ಪೆನ್ ಡ್ರೈವು ಟೀವಿಗೆ ಚುಚ್ಚಿದ. ಅರಿಶಿನ ಹಚ್ಚುವುದು ಬಂತು, ಎಲ್ಲರೂ ತಮ್ಮ ತಮ್ಮ ಮುಖ ಹುಡುಕಿಕೊಂಡು ನಕ್ಕರು. ಬಹಳ ಛಲೋ ತೆಗೆದೀರಿ ಎಂದರು ಬೀಗರು. ದತ್ತಾತ್ರಿ ಗೋಡೆಗೆ ಒರಗಿ ಕುಳಿತಿದ್ದ, ಚಹಾ ಮುಟ್ಟಿರಲಿಲ್ಲ. ಮಂಟಪ ಬಂತು. ಅಂತರಪಟ ಬಂತು. ಖಾಲಿ ಜಾಗ, ಜನಾಬಾಯಿ, ಅವಳ ಕೈ. ಟೀವಿಯಿಂದ ಅವನ ದನಿ ಮನೆಯ ತುಂಬ ಕೇಳಿಸಿತು. ಬೀಗರಲ್ಲಿ ಒಬ್ಬರು, ಯಾರಪ್ಪಾ ಅದು ಜೋರು ಮಾಡ್ಲತ್ತಾನ ಎಂದು ನಕ್ಕರು. ಜನಾಬಾಯಿ ಅಡಿಗೆಮನೆಯ ಬಾಗಿಲಿಗೆ ಬಂದಿದ್ದಳು. ಅವಳು ನಗಲಿಲ್ಲ.

ದತ್ತಾತ್ರಿ ಎದ್ದ. ಹೊರಗೆ ಹೋಗುತ್ತಾನೆ ಎಂದುಕೊಂಡೆ, ನಾಚಿಕೆಗೆ ಎದ್ದುಹೋಗುವ ಮನುಷ್ಯ ಅವನು. ಅವನು ಜಮಖಾನೆಯ ತನಕ ನಡೆದು, ಕುಳಿತಿದ್ದ ಕಾಜಲಳ ಬೆನ್ನ ಹಿಂದೆ ಹೋಗಿ ನಿಂತ. ನೆಟ್ಟಗೆ, ಎರಡೂ ಕೈ ಮುಂದೆ ಕಟ್ಟಿಕೊಂಡು. ಟೀವಿಯಲ್ಲಿ ಮಂಗಲಾಷ್ಟಕದ ಮೊದಲ ಸಾಲು ಶುರುವಾಯಿತು. ಕಾಜಲ ಕತ್ತೆತ್ತಿ ನೋಡಿ, ಮತ್ತೆ ಮುಂದಕ್ಕೆ ತಿರುಗಿದಳು.

ಹಿಂದಿನ ಕುರ್ಚಿಯಲ್ಲಿದ್ದ ಸುಮಿತನ ತಾಯಿ ಕತ್ತು ಆ ಕಡೆ ಈ ಕಡೆ ಹೊರಳಿಸಿದಳು.

"ಅಣ್ಣಾ, ಜರಾ ಸರೀರಿ ಆ ಕಡಿ. ಅಡ್ಡ ಬರ್ಲತ್ತೀರಿ, ಟೀವಿ ಕಾಣವಲ್ದು."

ದತ್ತಾತ್ರಿಯ ಬೆನ್ನು ಕುಗ್ಗಿತು. ಜೀವನವಿಡೀ ಯಾರಿಗೂ ಅಡ್ಡಬರದೆ ಬದುಕಿದವನು. ಸರಿಯಲೆಂದು ಒಂದು ಕಾಲು ಎತ್ತಿಯೂ ಬಿಟ್ಟ.

"ನಿಂದ್ರಲಿ ಬಿಡ್ರಿ" ಎಂದಳು ಜನಾಬಾಯಿ ಬಾಗಿಲಿನಿಂದ. "ತಮ್ಮಾ, ಸರೀಬ್ಯಾಡ. ಮಾಮಾ ಅಲ್ಲೇ ನಿಂದ್ರೂದು."

ಬೀಗಿತ್ತಿ ತನ್ನ ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದುಕೊಂಡಳು. ನಾನು ಚಹಾದ ಬಟ್ಟಲಿನ ಕಡೆ ನೋಡುತ್ತ ಕುಳಿತೆ. ಟೀವಿಯಲ್ಲಿ ಒಂದೊಂದು ಸಾಲಿಗೂ ಅಕ್ಷತೆ ಬೀಳುತ್ತಿತ್ತು. ದತ್ತಾತ್ರಿ ಎತ್ತಿದ ಕಾಲು ಕೆಳಗಿಟ್ಟು, ಕಡೆಯ ಅಕ್ಷತೆ ಬೀಳುವ ತನಕ ಕಾಜಲಳ ಹಿಂದೆ ನಿಂತಿದ್ದ.